‘ಆಯ್ತು’ ಎಂದ ಮೇಲೆ ಬಿದ್ದ ಏಟು

ಮೈಸೂರಿನಲ್ಲಿ ಬೆಳಿಗ್ಗೆ ಆರೂವರೆಗೆ ನಂಜನಗೂಡಿನ ಕೆಂಪು ಬಸ್ಸು ಹತ್ತಿದಾಗ ಕಂಡಕ್ಟರು ನಮ್ಮ ಗೋಣಿಚೀಲವನ್ನು ಕಾಲಿನಿಂದ ತಟ್ಟಿ, "ಇದ್ರೊಳಗೇನ್ ಸಾ?" ಎಂದು ಕೇಳಿದ. ಜೊತೆಗಿದ್ದ ಗೆಳೆಯ ಶ್ರೀಕಂಠ ಕಾಲೇಜಿನಲ್ಲಿ ಇತಿಹಾಸದ ಮೇಷ್ಟ್ರು. ಸುಳ್ಳು ಹೇಳಲು ಬಾರದ ಪ್ರಾಣಿ. "ಕತ್ತಿ, ಗುರಾಣಿ" ಎಂದುಬಿಟ್ಟ. ಸುತ್ತಲಿನ ನಾಲ್ಕು ಸೀಟಿನ ತಲೆಗಳು ಒಟ್ಟಿಗೆ ನಮ್ಮ ಕಡೆ ತಿರುಗಿದವು. ನಾನು ಹಲ್ಲು ಕಚ್ಚಿಕೊಂಡು ಚೀಲ ಬಿಚ್ಚಿ, ಬಟ್ಟೆ ಸುತ್ತಿದ ಬೆತ್ತದ ಕೋಲುಗಳನ್ನೂ ಎರಡು ಪ್ಲೈವುಡ್ ಗುರಾಣಿಗಳನ್ನೂ ಒಂದು ಜೊತೆ ಕ್ರಿಕೆಟ್ ಗ್ಲೌಸನ್ನೂ ತೋರಿಸಬೇಕಾಯಿತು. "ನಾಟ್ಕದೋರಾ?" ಎಂದ. "ಅಲ್ಲಪ್ಪ, ಆಟದೋರು" ಎಂದೆ. ಆರು ರೂಪಾಯಿಯ ಎರಡು ಟಿಕೆಟ್ ಹರಿದು, ಚೀಲಕ್ಕೆ ಪ್ರತ್ಯೇಕ ಲಗೇಜು ಹಾಕಿಯೇ ಮುಂದೆ ಹೋದ.

ಆಟದವರು ಎಂದದ್ದು ಸುಳ್ಳಲ್ಲ. ತೊಂಬತ್ತೆಂಟನೇ ಇಸವಿಯ ಆ ಡಿಸೆಂಬರಿಗೆ ನಾವು ಕತ್ತಿವರಸೆ ಶುರುಮಾಡಿ ಮೂರು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ ಐದಾರು ಜನ ಸೇರಿ, ಹಳೇ ಕಾಲದ ಸೈನಿಕರ ಹಾಗೆ ಬೆತ್ತದ ಕತ್ತಿಯಲ್ಲಿ ಬಡಿದಾಡಿ, ಆಮೇಲೆ ಮಸಾಲೆ ದೋಸೆ ತಿಂದು ಮನೆಗೆ ಹೋಗುವುದು. ನಾನು ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುವವನು, ವಯಸ್ಸು ನಲವತ್ತೆರಡು, ಮೂಗಿನ ತುದಿಯಲ್ಲೇ ಕೋಪ. ವಾರವಿಡೀ ಹುಡುಗರ ತಪ್ಪು ಸ್ಪೆಲಿಂಗು ನೋಡಿ ಏರಿದ ರಕ್ತ ಭಾನುವಾರ ಇಳಿಯುತ್ತಿತ್ತು. ನನ್ನ ಹೆಂಡತಿ ಇದನ್ನು ‘ನಿಮ್ಮ ಕುರುಕ್ಷೇತ್ರ’ ಎನ್ನುತ್ತಿದ್ದಳು.

ಈಗ ಹೊರಟಿದ್ದು ಎರಡು ಕೆಲಸಕ್ಕೆ. ನಂಜನಗೂಡಿನಲ್ಲಿ ಬಿದಿರಿನ ಗುರಾಣಿ ಹೆಣೆಸಲು ಹೇಳಿದ್ದೆವು. ತಿರುಮಕೂಡಲು ನರಸೀಪುರದ ದರ್ಜಿ ಮಹದೇವುಗೆ ಹತ್ತಿ ತುಂಬಿದ ದಪ್ಪ ಕೋಟು ಹೊಲಿಯಲು ಕೊಟ್ಟಿದ್ದೆವು. ಹಿಂದೆ ಕಬ್ಬಿಣದ ಕವಚ ಕೊಳ್ಳಲಾಗದ ಸಿಪಾಯಿಗಳು ಇಂಥದ್ದನ್ನೇ ತೊಡುತ್ತಿದ್ದರು ಎಂದು ಶ್ರೀಕಂಠ ಎಲ್ಲೋ ಓದಿದ್ದ. ಮಹದೇವು ತನ್ನೂರಿನ ಗರಡಿಯಲ್ಲಿ ಕತ್ತಿವರಸೆ ಕಲಿತವನು. ಕೋಟು ತಗೊಂಡು ಹೋಗಲು ಬಂದಾಗ ಒಂದು ಕೈ ಆಡಿಕೊಂಡು ಹೋಗಿ ಎಂದು ಕಾಗದ ಬರೆದಿದ್ದ.

ನಂಜನಗೂಡಿನಲ್ಲಿ ಇಡ್ಲಿ ತಿಂದು, ಬುಟ್ಟಿ ಮೊರ ಹೆಣೆಯುವ ಲಕ್ಷ್ಮಮ್ಮನ ಮನೆ ಹುಡುಕಿಕೊಂಡು ಹೋದೆವು. ಆಕೆ ನಮ್ಮ ಪ್ಲೈವುಡ್ ಗುರಾಣಿಯನ್ನು ತಿರುಗಿಸಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಇದೇನ್ ಸಾ, ಮಣೆ ಕಿತ್ಕಂಡ್ ಬಂದಿದ್ದೀರಾ? ಏಟು ಇದರ್ ಮ್ಯಾಲೆ ಬಿದ್ರೆ ಮೊಳಕೈವರ್ಗೂ ಜುಮ್ಮನ್ನಲ್ವಾ?" ಜುಮ್ಮೆನ್ನುತ್ತಿತ್ತು ನಿಜ. ಆಕೆಯದು ಮೂರು ಪದರದ ಬಿದಿರು, ಅಂಚಿಗೆ ಬೆತ್ತದ ಸುತ್ತು, ನಡುವೆ ಮೊರದ ಬೆನ್ನಿನಂತೆ ಉಬ್ಬು. ಕೋಲಿನಿಂದ ಹೊಡೆದು ನೋಡಿದೆ. ಕೋಲು ಉಬ್ಬಿನ ಮೇಲಿಂದ ತಾನಾಗಿ ಪಕ್ಕಕ್ಕೆ ಜಾರಿತು. "ತಡೀಬಾರ್ದು, ಜಾರುಸ್ಬೇಕು" ಎಂದಳು ಲಕ್ಷ್ಮಮ್ಮ. ಕತ್ತಿವರಸೆ ಆಡದ ಹೆಂಗಸು ಮೂರು ವರ್ಷದಲ್ಲಿ ನಮಗೆ ಹೊಳೆಯದ್ದನ್ನು ಒಂದು ಮಾತಿನಲ್ಲಿ ಹೇಳಿದ್ದು ಕಂಡು ಶ್ರೀಕಂಠ ಅದನ್ನು ಡೈರಿಯಲ್ಲಿ ಬರೆದುಕೊಂಡ. ಗುರಾಣಿಗಳ ಜೊತೆಗೆ ಒಂದು ಚಿಪ್ಪು ರಸಬಾಳೆಯೂ ಚೀಲ ಸೇರಿತು.

ನರಸೀಪುರಕ್ಕೆ ಒಂದೂವರೆ ಗಂಟೆಯ ದಾರಿ. ಬಿಸಿಲು ಹಿತವಾಗಿತ್ತು. ರಸ್ತೆಯುದ್ದಕ್ಕೂ ಹುರುಳಿ ಹರಡಿದ್ದರು, ನಮ್ಮ ಬಸ್ಸು ಅದರ ಮೇಲೆ ಹಾದು ಯಾರ ಯಾರದೋ ಒಕ್ಕಣೆ ಮಾಡಿಕೊಟ್ಟಿತು.

ಮಹದೇವುಗೆ ಮೂವತ್ತೈದು ಇರಬಹುದು. ಕಡ್ಡಿಯಂಥ ಆಳು, ಬೆರಳುಗಳು ಮಾತ್ರ ಉದ್ದ. ಗೋಡೆಗೆ ಎರಡು ಕೋಟು ನೇತುಹಾಕಿದ್ದ. ತೊಟ್ಟುಕೊಂಡರೆ ಹಾಸಿಗೆ ಸುತ್ತಿಕೊಂಡು ನಿಂತಂತಾಯಿತು. ತೋಳು ಎತ್ತಿದರೆ ಮಾತ್ರ ಎಲ್ಲೂ ಹಿಡಿಯುತ್ತಿರಲಿಲ್ಲ, ಕಂಕುಳಲ್ಲಿ ಬೇರೆ ತುಂಡು ಕೊಟ್ಟು ಸಡಿಲ ಬಿಟ್ಟಿದ್ದ. ಕಾಜಾ ಹಾಕಿದ್ದು ಅವನ ಹೆಂಡತಿ ರಾಜಮ್ಮ. ಮಧ್ಯಾಹ್ನ ಆಕೆಯೇ ಮುದ್ದೆ, ಅವರೆಕಾಳಿನ ಸಾರು ಬಡಿಸಿದಳು. ಎರಡನೇ ಮುದ್ದೆಗೆ ಬೇಡ ಬೇಡ ಎಂದು ಕೈ ಅಡ್ಡ ಹಿಡಿದ ಶ್ರೀಕಂಠನಿಗೆ, "ಒಡ್ದಾಡಕ್ಕೆ ಓಗೋರು ತಿನ್ನೋದು ಇಂಗಾ?" ಎಂದು ಗದರಿ ಹಾಕಿಯೇ ಬಿಟ್ಟಳು.

ನಾಲ್ಕು ಗಂಟೆಗೆ ಗರಡಿಗೆ ಹೋದೆವು. ಕೆಮ್ಮಣ್ಣಿನ ಅಂಕಣ, ಹಂಚಿನ ಮಾಡು, ಗೋಡೆಗೊರಗಿದ ಹತ್ತು ಹನ್ನೆರಡು ಜನ. ಅಲ್ಲಿನ ಗುರು ಪುಟ್ಟಸ್ವಾಮಿ, ಎಲ್ಲರ ಬಾಯಲ್ಲಿ ‘ವಸ್ತಾದ್ರು’. ತಾಲ್ಲೂಕು ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ನಿಯಮ ಹೇಳಿದರು: ಗುರಾಣಿ ಹಿಡಿಯುವಂತಿಲ್ಲ, ತಲೆಗೆ ಇಲ್ಲ, ಮಂಡಿಯಿಂದ ಕೆಳಗಿಲ್ಲ, ತಿವಿಯುವಂತಿಲ್ಲ. "ಇನ್ನೊಂದು. ಏಟು ಬಿತ್ತಾ ಇಲ್ವಾ ಅಂತ ತಿಂದೋನೇ ಯೋಳ್ಬೇಕು. ಒಡ್ದೋನು ಬಾಯಿ ಬಿಡ್ಬಾರ್ದು" ಎಂದರು. ನಮ್ಮಲ್ಲೂ ಹಾಗೇ ಎಂದೆ ಹೆಮ್ಮೆಯಿಂದ. ಅಷ್ಟು ಹೇಳಿ ಸುಮ್ಮನಾದದ್ದೇ ನಾನು ಮಾಡಿದ ತಪ್ಪು. ಇನ್ನೆರಡು ಮಾತು ಕೇಳಬೇಕಿತ್ತು.

ಅಂಕಣಕ್ಕಿಳಿಯುವಾಗ ಮಹದೇವುಗೆ ನನ್ನ ಗ್ಲೌಸು ಕೊಡಲು ಹೋದೆ. "ಬ್ಯಾಡ ಸಾ. ಸೂಜಿ ಇಡಿಯೋ ಕೈ, ಬಟ್ಟೆ ಸುತ್ತುದ್ರೆ ಕೋಲು ಎಲ್ಲದೆ ಅಂತ ಗೊತ್ತಾಗಲ್ಲ" ಎಂದ. ಆಟ ಶುರುವಾಯಿತು. ಅವನು ನನ್ನ ಕೋಲಿನ ಕಡೆ ನೋಡುತ್ತಲೇ ಇರಲಿಲ್ಲ, ನನ್ನ ಮಂಡಿ ನೋಡುತ್ತಿದ್ದ. ನಾನು ಭಾರ ಯಾವ ಕಾಲಿಗೆ ಹಾಕಿದೆನೋ ಆ ಕಡೆಯಿಂದಲೇ ಏಟು ಬರುತ್ತದೆ ಎಂದು ಅವನಿಗೆ ಮೊದಲೇ ತಿಳಿಯುತ್ತಿತ್ತು. ಎರಡು ಸಲ ನನ್ನ ಪಕ್ಕೆಗೆ ಕೊಟ್ಟ. ಕೋಟು ತನ್ನ ಕೆಲಸ ಮಾಡಿತು. ಎರಡು ಸಲವೂ ನಾನು ನಮ್ಮ ಮೈಸೂರಿನ ರೂಢಿಯಂತೆ "ಬಿತ್ತು" ಎಂದೆ. ಎಲ್ಲರೂ ತಲೆಯಾಡಿಸಿದರು.

ಮೂರನೇ ಸಲ ನಾನು ಬೇಕೆಂದೇ ಬಲಗಾಲಿಗೆ ಭಾರ ಹಾಕಿ ಎಡಗಡೆಯಿಂದ ಹೊಡೆದೆ. ಅವನ ತೊಡೆಗೆ ತಾಗಿದಂತಾಯಿತು. ನನಗೇ ಖಾತ್ರಿಯಿಲ್ಲ. ಅವನು "ಆಯ್ತು" ಎಂದ.

ನಮ್ಮಲ್ಲಿ ಪ್ರತಿ ಸುತ್ತಿಗೆ ಮುಂಚೆ "ಆಯ್ತಾ?" ಎಂದು ಕೇಳುತ್ತೇವೆ, "ಆಯ್ತು" ಎಂದರೆ ನಾನು ತಯಾರು, ಬಾ ಎಂದರ್ಥ. ಮೂರು ವರ್ಷ ಆ ಮಾತಿಗೆ ನನ್ನ ಕೈ ತಾನಾಗಿ ಮೇಲೆದ್ದಿದೆ. ಆಗಲೂ ಎದ್ದಿತು. ಬೀಸಿದೆ. ಮಹದೇವು ಅಷ್ಟರಲ್ಲಿ ಕೋಲನ್ನು ಎಡಗೈಗೆ ಬದಲಾಯಿಸಿ, ಬರಿಯ ಬಲಗೈಯನ್ನು ನನ್ನ ಕೋಲಿನ ಕಡೆ ಚಾಚಿದ್ದ. ಏಟು ನೇರ ಬೆರಳುಗಳ ಮೇಲೆ ಬಿತ್ತು. ಅವನು ಕೂಗಲಿಲ್ಲ, ಕೈಯನ್ನು ಕಂಕುಳಲ್ಲಿಟ್ಟುಕೊಂಡು ಮಣ್ಣಿನಲ್ಲಿ ಕೂತುಬಿಟ್ಟ.

"ಆಯ್ತು ಅಂದ್ಮೇಲೂ ಒಡ್ದ್‌ಬುಟ್ರಲ್ಲಾ ಸಾ!" ಎಂದು ಗೋಡೆಯ ಹತ್ತಿರ ಯಾರೋ ಅಂದರು. ಆಗ ತಿಳಿಯಿತು. ಆ ಗರಡಿಯಲ್ಲಿ ‘ಆಯ್ತು’ ಎಂದರೆ ಏಟು ಬಿತ್ತು, ಒಪ್ಪಿಕೊಂಡೆ ಎಂದು. ಏಟು ತಿಂದವನು ಹೊಡೆದವನ ಕೋಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಾನು ಅತಿಥಿ ಎಂದು ನನ್ನಿಂದ ಮಾತ್ರ ಅದನ್ನು ಮಾಡಿಸಿರಲಿಲ್ಲ. ಗೌರವ ಕೊಡಲು ಚಾಚಿದ ಕೈಗೆ ನಾನು ಹೊಡೆದಿದ್ದೆ. ಅಯ್ಯೋ ಶಿವನೇ, ಅಂಕಣದ ಮಣ್ಣು ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ವಸ್ತಾದರ ಮುಂದೆ ಏನೋ ತೊದಲಿದೆ. "ಕೈ ತೋರುಸ್ಕಂಡ್ ಬನ್ನಿ. ಮಾತು ಆಮ್ಯಾಕೆ" ಎಂದರು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವುದರಲ್ಲಿ ನಡುಬೆರಳು, ಉಂಗುರದ ಬೆರಳು ಊದಿ ಬದನೆಕಾಯಿಯಾಗಿದ್ದವು. ಎಕ್ಸ್‌ರೇ ತೆಗೆಯುವವರು ಬರಲು ಒಂದು ಗಂಟೆ ಕಾದೆವು. ನಮ್ಮಲ್ಲಿ ‘ಆಯ್ತು’ ಎಂದರೆ ಏನರ್ಥ ಎಂದು ಶ್ರೀಕಂಠ ಆಗ ಮಹದೇವುಗೆ ಬಿಡಿಸಿ ಹೇಳಿದ. ರಾಜಮ್ಮ ಓಡಿಬಂದವಳು ಗಂಡನ ಕೈ ನೋಡಿ, ನನ್ನ ಮುಖ ನೋಡಿ, "ನಿಮ್ಗೆ ಇದು ಭಾನುವಾರದ್ ಆಟ ಸಾ. ಇವ್ರು ನಾಳಿಂದ ಕತ್ರಿ ಇಡೀನಿಲ್ಲ ಅಂದ್ರೆ ನಾವೇನ್ ಮಾಡ್ಮ?" ಎಂದಳು. ಮಧ್ಯಾಹ್ನ ಅವಳ ಕೈಯ ಮುದ್ದೆ ಉಂಡವನು ನಾನು. ನನ್ನ ಬಾಳೂ ಹತ್ತು ಬೆರಳಿನ ಮೇಲೆಯೇ ನಡೆಯುವುದು.

ಡಾಕ್ಟರಮ್ಮ ಒದ್ದೆ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಮೂಳೆ ಮುರಿದಿಲ್ಲ. ಆದ್ರೆ ಬೆರಳು ಮಡಿಸೋಕೆ ಬರುತ್ತಾ ಇಲ್ವಾ ಅಂತ ಬಾವು ಇಳಿದ ಮೇಲೇ ಹೇಳಬಹುದು. ಬೆಳಿಗ್ಗೆ ಬನ್ನಿ" ಎಂದರು. ಅರ್ಧ ಜೀವ ಬಂತು, ಇನ್ನರ್ಧ ಆಸ್ಪತ್ರೆಯ ಬೆಂಚಿನ ಮೇಲೇ ಉಳಿಯಿತು. ಸಂಜೆಯ ಬಸ್ಸಿಗೆ ಹೊರಡಬೇಕಿದ್ದ ನಾವು ಬಸ್ ನಿಲ್ದಾಣದ ಎದುರಿನ ಲಾಡ್ಜಿನಲ್ಲಿ ಉಳಿದೆವು. ಶ್ರೀಕಂಠ ಸಮಾಧಾನ ಹೇಳಲು ಬಂದು ಬೈಸಿಕೊಂಡ.

ಮರುದಿನ ಎಂಟು ಗಂಟೆಗೇ ಆಸ್ಪತ್ರೆಯ ಬಾಗಿಲಲ್ಲಿದ್ದೆವು. ಮಹದೇವು, ರಾಜಮ್ಮ ನಮಗಿಂತ ಮೊದಲೇ ಬಂದು ಕೂತಿದ್ದರು. ಡಾಕ್ಟರಮ್ಮ ಪಟ್ಟಿ ಬಿಚ್ಚಿದರು. ಬಾವು ಅರ್ಧಕ್ಕರ್ಧ ಇಳಿದಿತ್ತು, ಬಣ್ಣ ಮಾತ್ರ ನೇರಳೆ. "ಮಡಿಸಿ" ಎಂದರು. ತೋರುಬೆರಳು ಮಡಿಯಿತು. ಕಿರುಬೆರಳು ಮಡಿಯಿತು. ಉಂಗುರದ ಬೆರಳು ನಡುಗುತ್ತಾ ಮಡಿಯಿತು. ನಡುಬೆರಳು ಹಾಗೇ ನೆಟ್ಟಗೆ ನಿಂತಿತ್ತು. ರಾಜಮ್ಮ ಎದ್ದು ಹತ್ತಿರ ಬಂದಳು. "ನಿಧಾನ, ಅವಸರವಿಲ್ಲ" ಎಂದರು ಡಾಕ್ಟರಮ್ಮ. ಮಹದೇವು ತುಟಿ ಕಚ್ಚಿದ. ಬೆರಳು ಸ್ವಲ್ಪ ಬಾಗಿತು, ಇನ್ನೂ ಸ್ವಲ್ಪ, ಕೊನೆಗೆ ಅಂಗೈ ಮುಟ್ಟಿತು. "ಏನೂ ಭಯವಿಲ್ಲ. ಹತ್ತು ದಿನ ಕತ್ತರಿ ಮುಟ್ಟಬೇಡಿ" ಎಂದು ಹೊಸ ಪಟ್ಟಿ ಕಟ್ಟಿ, ಮುಂದಿನವರನ್ನು ಕರೆದರು.

ನಾನು ಹೊರಗೆ ಬಂದು ಬೇವಿನ ಮರದ ಕಟ್ಟೆಯ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತೆ. ರಾಜಮ್ಮ ಬಂದು ನಿಂತಳು. "ಏಳಿ ಸಾ, ಗಂಡಸ್ರು ಇಂಗೆಲ್ಲ ಅಳ್ತಾರಾ? ಈ ಹತ್ತು ದಿನ ಅಂಗ್ಡಿ ನಾನೇ ನೋಡ್ಕತೀನಿ. ಮಿಷನ್ ತುಳಿಯಕ್ಕೆ ನಂಗೂ ಬತ್ತದೆ" ಎಂದಳು. ಚೀಲದಲ್ಲಿ ಮರೆತುಹೋಗಿದ್ದ ರಸಬಾಳೆ ಆಗ ನೆನಪಾಯಿತು. ನಾಲ್ವರೂ ಅಲ್ಲೇ ಕೂತು ಇಡೀ ಚಿಪ್ಪು ಖಾಲಿ ಮಾಡಿದೆವು. ಅಷ್ಟು ಹಸಿದಿದ್ದೇನೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಅಲ್ಲಿಂದ ಗರಡಿಗೆ. ವಸ್ತಾದರು ಅಂಕಣದ ಮಣ್ಣಿಗೆ ನೀರು ಚಿಮುಕಿಸುತ್ತಿದ್ದರು. ನಾನು ಕೈ ಮುಗಿದು ಮಾತು ತೆಗೆದೆ. ತಡೆದರು. "ನೀವು ಒಡ್ದೋರು, ಬಾಯಿ ಬಿಡಂಗಿಲ್ಲ." ಮಹದೇವು ಕಡೆ ತಿರುಗಿ, "ತಿಂದೋನ್ ನೀನು. ನೆನ್ನೆ ಏಟು ಎಂತದು? ಯೋಳು" ಎಂದರು.

ಅಲ್ಲಿದ್ದ ಐದಾರು ಮಂದಿ ಹತ್ತಿರ ಬಂದರು. ಅನ್ಯಾಯದ ಏಟು ಎಂದು ಅವನು ಒಂದು ಮಾತು ಹೇಳಿದ್ದರೂ ನಾನು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದೆ.

"ಮೊದಲ್ನೇ ಏಟು ತೊಡೆಗೆ ಸರ್ಯಾಗೇ ಬಿತ್ತು ವಸ್ತಾದ್ರೆ. ಅದು ಅವ್ರುದು. ಎರಡ್ನೇದು ಏಟೇ ಅಲ್ಲ. ಅವ್ರೂರಲ್ಲಿ ಆಯ್ತು ಅಂದ್ರೆ ಬಾ ಅಂತಂತೆ. ತಪ್ಪು ಆ ಮಾತುಂದು, ಈ ಮನ್ಸಂದಲ್ಲ" ಎಂದ ಮಹದೇವು. ವಸ್ತಾದರು "ಇನ್ಮ್ಯಾಕೆ ಹೊಸಬ್ರು ಬಂದ್ರೆ ಮೊದ್ಲು ಮಾತು ಕೇಳ್ಕಳಿ, ಆಮ್ಯಾಕೆ ಕೋಲು ಕೊಡಿ. ತಪ್ಪು ನಂದೂ ಅದೆ" ಎಂದು ತಮ್ಮವರಿಗೇ ಹೇಳಿದರು.

ಮಹದೇವು ಮಾತ್ರ ಅಲ್ಲಿಗೆ ಬಿಡಲಿಲ್ಲ. "ನಿಮ್ಮ ಕೋಲು ತೆಗೀರಿ ಸಾ" ಎಂದ. ಬೇಡಪ್ಪ ಎಂದೆ. ಕೇಳಲಿಲ್ಲ. ಚೀಲದಿಂದ ತೆಗೆದು ಎರಡು ಕೈಯಲ್ಲಿ ಅಡ್ಡಕ್ಕೆ ಹಿಡಿದೆ. ಅವನು ಪಟ್ಟಿ ಕಟ್ಟಿದ ಬಲಗೈಯಿಂದಲೇ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನಾನು ಕೋಲು ಕೆಳಗಿಟ್ಟು ಆ ಪಟ್ಟಿಯ ಕೈಯನ್ನೇ ಹಿಡಿದು ನನ್ನ ಕಣ್ಣಿಗೊತ್ತಿಕೊಂಡೆ. ಅವರ ಗರಡಿಯಲ್ಲಿ ಹಾಗೆ ಮಾಡುವ ಪದ್ಧತಿ ಇದೆಯೋ ಇಲ್ಲವೋ ಗೊತ್ತಿಲ್ಲ. ವಸ್ತಾದರು ಮತ್ತೆ ಮಣ್ಣಿಗೆ ನೀರು ಚಿಮುಕಿಸತೊಡಗಿದರು.

ಇಷ್ಟು ದೂರ ಬಂದಿದ್ದೇವೆ, ಸೋಮನಾಥಪುರ ನೋಡಿಕೊಂಡು ಹೋಗೋಣ ಎಂದ ಶ್ರೀಕಂಠ. ದೇವಸ್ಥಾನದ ಕಲ್ಲಿನಲ್ಲಿ ಗುರಾಣಿ ಹಿಡಿದವರು ಇರುತ್ತಾರೆ ಎಂದು ಆಸೆ ತೋರಿಸಿದ. ಕಲ್ಲಿನವರು ಎಲ್ಲಿಗೂ ಹೋಗುವುದಿಲ್ಲ, ನಾನು ಮನೆಗೆ ಹೋಗಬೇಕು ಎಂದೆ. ಹನ್ನೊಂದರ ಮೈಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಮೈ ಹಗುರಾಗಿತ್ತು, ಕಾರಣವಿಲ್ಲದೆ ನಗು ಬರುತ್ತಿತ್ತು.

ಬಸ್ಸು ಹೊರಟಾಗ ಮಹದೇವು ರಸ್ತೆಗೆ ಬಂದು ಪಟ್ಟಿಯ ಕೈಯನ್ನೇ ಮೇಲೆತ್ತಿ ಬೀಸತೊಡಗಿದ. "ಕೈ ಇಳಿಸೋ ಮಹರಾಯ, ನೋಯುತ್ತೆ!" ಎಂದು ಕಿಟಕಿಯಿಂದ ತಲೆ ಹೊರಹಾಕಿ ಕಿರುಚಿದೆ. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿತೋ, ಇನ್ನೂ ಎತ್ತರಕ್ಕೆ ಬೀಸಿದ.