ವರ್ನಾಳ ಏಣಿ

ಅಯೋವಾದ ಕಾಲೇಜೊಂದರ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದ ಸಾಮಾನು ನೋಡಿಕೊಳ್ಳುವ ವರ್ನಾ ಕೋಲ್‌ಸ್ಟಾಡ್, ಮಾರ್ಚ್ ಬಂತೆಂದರೆ ತನ್ನದೇ ಏಣಿ ಹೊತ್ತು ಬಸ್ಸು ಹತ್ತುತ್ತಾಳೆ. ಆ ತಿಂಗಳು ನಡೆಯುವ ವರ್ಷದ ಕೊನೆಯ ಪಂದ್ಯಾವಳಿ ಗೆದ್ದವರು ಏಣಿ ಹತ್ತಿ ಬ್ಯಾಸ್ಕೆಟ್ಟಿನ ಬಲೆ ಕತ್ತರಿಸಿಕೊಳ್ಳುವುದು ಆ ಆಟದ ರೂಢಿ. ಹುಡುಗರ ಪಂದ್ಯಾವಳಿಗೆ ವಿಮಾನ, ಬಿಸಿ ಊಟ, ಹೊಳೆಯುವ ಹೊಸ ಏಣಿ. ಹುಡುಗಿಯರಿಗೆ ಬಸ್ಸು, ತಣ್ಣಗಾದ ಸ್ಯಾಂಡ್‌ವಿಚ್, ಗೋಡೆಗೆ ಬಣ್ಣ ಹೊಡೆಯುವ ಅಲುಗಾಡುವ ಏಣಿ. "ನನ್ನ ಮಕ್ಕಳು ಇದರ ಮೇಲೆ ಕಾಲಿಡಲ್ಲ ಕಣಯ್ಯಾ, ಬೇಕಾದ್ರೆ ನಿಮ್ಮ ಅಧ್ಯಕ್ಷರನ್ನೇ ಹತ್ತಿಸು!" ಎಂದು ಸಂಘಟಕರನ್ನು ದಬಾಯಿಸುತ್ತಾಳೆ. "ಹುಡುಗರಿಗೂ ಇದೇನಾ?" ಎಂದು ಕೇಳದೆ ಊಟದ ಡಬ್ಬಿ ಮುಟ್ಟುವುದಿಲ್ಲ. ಅವಳ ಬಾಯಿಗೆ ಹೆದರಿಯೋ ಏನೋ, ಹೋದ ವರ್ಷದಿಂದ ಬಿಸಿ ಊಟ ಬರುತ್ತಿದೆ. ಈ ವರ್ಷ ಹೊಸ ಏಣಿಯೂ ಬರುತ್ತದಂತೆ. ಆದರೂ ತನ್ನ ಏಣಿ ಬಿಡಳು, ಜೇಬಿನ ಹಳೆಯ ಕತ್ತರಿಯನ್ನಂತೂ ಯಾರ ಕೈಗೂ ಕೊಡಳು. ಐವತ್ತು ವರ್ಷದ ಹಿಂದೆ ಅವಳು ಆಡುತ್ತಿದ್ದ ತಂಡ ಗೆದ್ದ ದಿನ ಅದನ್ನು ಹಿಡಿದು ಅವಳು ಏಣಿಯ ಮೇಲಿದ್ದಾಗ, "ಬಲೆ ಮುಟ್ಟಬೇಡ ಕಣಮ್ಮ, ನಾಳೆ ಹುಡುಗರ ಪ್ರ್ಯಾಕ್ಟೀಸ್ ಇದೆ" ಎಂದು ಅಂದಿನ ಸಂಘಟಕರು ಕೆಳಗಿಳಿಸಿದ್ದರು. ಈ ಸಲ ಗೆದ್ದರೆ ಬಲೆಯ ಮೊದಲ ಎಳೆ ವರ್ನಾಳೇ ಕತ್ತರಿಸಬೇಕೆಂದು ಹುಡುಗಿಯರು ಗುಟ್ಟಾಗಿ ಮಾತಾಡಿಕೊಂಡಿದ್ದಾರೆ; ಅವಳಿಗೆ ಗೊತ್ತಿಲ್ಲವೆಂದೇ ಅವರ ನಂಬಿಕೆ. ವರ್ನಾ ಮಾತ್ರ ದಿನಾ ಬೆಳಿಗ್ಗೆ, ಯಾರೂ ಬರುವ ಮುಂಚೆ, ನೋಯುವ ಮಂಡಿಗೆ ಪಟ್ಟಿ ಕಟ್ಟಿಕೊಂಡು ಏಣಿ ಹತ್ತಿಳಿಯುವುದನ್ನು ಅಭ್ಯಾಸ ಮಾಡುತ್ತಿದ್ದಾಳೆ.