ಮಾಸ್ತರರ ಹಕ್ಕಿಗೆ ಎರಡು ಗೆರೆ

ಒಂದು ಹಕ್ಕಿಯಿಂದಾಗಿ ನಾನು ಒಳ್ಳೆಯ ಜೋಡೆತ್ತನ್ನು ಅಗ್ಗಕ್ಕೆ ಕಳೆದುಕೊಂಡಿದ್ದೇನೆ. ಕಾರಣ, ಜಲನಗರದಲ್ಲಿ ನನ್ನ ಪಕ್ಕದ ಮನೆಯಲ್ಲಿದ್ದ ನಿವೃತ್ತ ಶಿಕ್ಷಕ ಗುರುಪಾದ ಮಾಸ್ತರರು.

ನಾನು ಬರಿಗೈಲಿ ಬಂದು ದನದ ವ್ಯಾಪಾರದಲ್ಲಿ ನಿಂತವನು. ಬಬಲೇಶ್ವರದ ಹತ್ತಿರ ನನ್ನದೊಂದು ಸಣ್ಣ ಮಾವಿನ ತೋಟವಿದೆ. ಚಳಿ ಹಿಡಿಯಿತೆಂದರೆ ಮಾಸ್ತರರು ಅಲ್ಲಿ ತರಗೆಲೆ ಗುಡಿಸಲು ಬಿಡುತ್ತಿರಲಿಲ್ಲ. ಚಳಿಗಾಲಕ್ಕೆ ಬರುವ ನೆಲಸಿಳ್ಳಾರ ಹಕ್ಕಿ ಆ ಎಲೆಗಳನ್ನು ಕೊಕ್ಕಿನಿಂದ ತಿರುವಿ ಹುಳ ಹೆಕ್ಕುತ್ತದಂತೆ. ಕಿತ್ತಳೆ ತಲೆ, ಬೂದು ಬೆನ್ನು. ಅಷ್ಟು ಅವರಿಗೂ ಕಾಣುತ್ತಿತ್ತು. ಆದರೆ ಬಿಳಿ ಕೆನ್ನೆಯ ಮೇಲೆ ಎರಡು ಕಪ್ಪು ಗೆರೆ ಇದ್ದರೆ ಒಂದು ಬಗೆ, ಇಲ್ಲದಿದ್ದರೆ ಇನ್ನೊಂದು. ಅವರ ಮಂಜುಗಣ್ಣಿಗೆ ಆ ಗೆರೆ ಸಿಗುತ್ತಿರಲಿಲ್ಲ. ಹಕ್ಕಿಯೋ, ಸಪ್ಪಳವಾದರೆ ತಗ್ಗು ಕೊಂಬೆಗೆ ಹಾರಿ ನೆರಳಲ್ಲಿ ಕಲ್ಲಿನಂತೆ ಕೂಡುವಂಥದು.

"ದನದ ಸುಳಿ ನೋಡಾವ್ರಿಗೆ ಹಕ್ಕಿ ಕೆನ್ನಿ ನೋಡೂದೇನು ದೊಡ್ಡದ್ರಿ?" ಎಂದು ನನ್ನನ್ನೇ ಹಿಡಿದರು.

ಒಂದು ದಿನ ಕಾಖಂಡಕಿಯ ಗಿರಾಕಿಯೊಬ್ಬ ಎತ್ತು ನೋಡಲು ತೋಟಕ್ಕೆ ಬಂದಿದ್ದ. ನಾವು ದರವನ್ನು ಬಾಯಲ್ಲಿ ಆಡುವುದಿಲ್ಲ; ಟವೆಲ್ಲಿನ ಕೆಳಗೆ ಬೆರಳು ಚಾಚಿ ಹೇಳುತ್ತೇವೆ. ಅಲ್ಲಿ ಸುಳ್ಳು ನಡೆಯುವುದಿಲ್ಲ, ಕೊಟ್ಟ ಮಾತು ತಿರುಗುವುದಿಲ್ಲ. ಅವನು ತೀರ ಕಡಿಮೆ ದರಕ್ಕೆ ಬೆರಳು ಚಾಚಿದ್ದಾಗ ಮಾಸ್ತರರು ಹಿಂದಿನಿಂದ ನನ್ನ ಭುಜ ಅದುಮಿ, "ಅಲುಗಾಡಬ್ಯಾಡ್ರಿ, ಬಂದೈತಿ" ಎಂದರು. ಬೆಚ್ಚಿದ ನಾನು ಆ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟೆ. ಹಿಡಿದರೆ ಒಪ್ಪಿದಂತೆ.

"ಆತಲ್ರಿ ಸಾವ್ಕಾರ್ರ, ಹಗ್ಗ ಕೊಡ್ರಿ," ಎಂದು ಗಿರಾಕಿ ನಕ್ಕ.

"ಎತ್ತು ಹೋದ್ವಲ್ರಿ ಮಾಸ್ತರ," ಎಂದೆ.

"ಹೋಗ್ಲಿ ಬಿಡ್ರಿ. ಗೆರಿ ಅದಾವೇನು?"

ಹಲ್ಲು ಕಡಿಯುತ್ತ ಕೊಂಬೆ ನೋಡಿದೆ. "ಎರಡು ಅದಾವ."

"ನೀವು ವ್ಯಾಪಾರಸ್ಥರು. ಹಲ್ಲಿಲ್ಲದ ಎತ್ತಿಗೂ ಹಲ್ಲು ಎಣಿಸಾವ್ರು. ಹೆಂಗ ನಂಬಲಿ?"

ಹೋದದ್ದು ನನ್ನ ಎತ್ತು, ಸಂಶಯ ಮಾತ್ರ ಅವರದು. ಆಮೇಲೆ ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ, ಸಿಕ್ಕಲ್ಲೆಲ್ಲ ಅದೇ ಪ್ರಶ್ನೆ: "ಖರೇ ಹೇಳ್ರಿ, ಎರಡಿದ್ವೇನು?"

ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಅಲ್ಲಿಯೂ ಕೇಳಿದರು. ನನಗೆ ರೇಗಿತು. ಹೆಗಲ ಮೇಲಿನ ಟವೆಲ್ಲನ್ನು ಅವರ ಕೈಮೇಲೆ ಹೊದಿಸಿ, ಕೆಳಗೆ ಎರಡು ಬೆರಳು ಚಾಚಿದೆ. ಮಾಸ್ತರರು ತಡವಿ ನೋಡಿದರು. ಆಮೇಲೆ ಎರಡನ್ನೂ ಹಿಡಿದುಕೊಂಡರು.

"ಹಂಗಾರ ಅದಾವ," ಎಂದರು. ಮತ್ತೆ ಕೇಳಲಿಲ್ಲ. ಅದೇ ವಾರ ಹೋದರು.

ಈ ಚಳಿಗೂ ಹಕ್ಕಿ ಬಂದಿದೆ. ನಿಮ್ಮ ತೋಟಕ್ಕೂ ಬಂದೀತು. ಶಿವರಾತ್ರಿಯವರೆಗೆ ಮರದ ಬುಡದ ತರಗೆಲೆ ಗುಡಿಸಬೇಡಿ. ಸಪ್ಪಳ ಮಾಡದೆ ನಿಂತು ಮೊದಲು ಕೆನ್ನೆ ನೋಡಿ. ಗಿರಾಕಿಯನ್ನು ಮಾತ್ರ ಅಲ್ಲಿಗೆ ಕರೆಯಬೇಡಿ. ವ್ಯವಹಾರವನ್ನು ಮನೆಯ ಕಟ್ಟೆಯ ಮೇಲೇ ಮುಗಿಸಿಕೊಳ್ಳಿ.