ಅಜೀಮಾ ನೋಡುವ ಧಾರಾವಾಹಿ

ಹರಪನಹಳ್ಳಿಯಲ್ಲಿ ನಮ್ಮ ಓಣಿಯ ಟೇಲರ್ ಅಜೀಮಾ ನಮ್ಮ ಮನೆಗೆ ಧಾರಾವಾಹಿ ನೋಡಲು ಬರುವುದು ಕಥೆಗಾಗಿ ಅಲ್ಲ, ಬಟ್ಟೆಗಾಗಿ. ನಾಯಕಿ ಗಂಡನ ಹೆಣದ ಮುಂದೆ ಗೋಳಾಡುತ್ತಿದ್ದರೆ ಈಕೆ, ‘ಅಳಾದು ಸಾಕು, ಒಂಚೂರು ತಿರುಗವ್ವಾ, ಬೆನ್ನಿನ ಲೇಸು ಕಾಣವಲ್ದು’ ಎಂದು ಟಿವಿಗೇ ಗದರುತ್ತಾಳೆ. ಅತ್ತೆ ಯಾರಿಗೆ ವಿಷ ಹಾಕಿದಳೋ ಗೊತ್ತಿಲ್ಲ, ಅವಳ ರವಿಕೆಯ ಪಫ್ ತೋಳು ಮಾತ್ರ ಬಾಯಿಪಾಠ. ಮೊನ್ನೆ ಧಾರಾವಾಹಿಯ ಮಗು ತೊಟ್ಟಂಥದೇ ಝಾಲರಿ ಫ್ರಾಕನ್ನು ನನ್ನ ಮಗಳಿಗೆ ಹೊಲಿದು ತಂದಳು. ತಿಂಗಳುಗಟ್ಟಲೆ ತೂಕವೇ ಏರದ ಕೂಸು ಅದು. ಡಾಕ್ಟರು ಏನಿಲ್ಲವೆಂದರೂ ನನಗೆ ನಿದ್ದೆಯಿಲ್ಲ. ಫ್ರಾಕು ತಿರುವಿ ನೋಡಿದರೆ ಹೊಲಿಗೆಯೊಳಗೆ ಅಂಗೈಯಗಲ ಬಟ್ಟೆ ಮಡಚಿಟ್ಟಿದ್ದಾಳೆ. ‘ಇಷ್ಟ್ಯಾಕೆ ಬಿಟ್ಟಿದ್ದೀಯಾ?’ ಎಂದೆ. ‘ಮುಂದ ಬಿಚ್ಚಬೇಕಲ್ರಿ ಅಕ್ಕಾ, ಬೆಳಿಯೋ ಹುಡುಗಿ’ ಎಂದಳು, ಟಿವಿಯಿಂದ ಕಣ್ಣು ಕೀಳದೆ.